ಅಂತರಜಾಲದ ಮಾತು: ಬೆಳೆಗಾರರು ಅರಿತಿರಬೇಕಾದ ಕೆಲವು ಶಬ್ದಗಳು

ನಮ್ಮ ಸಂಘದ ಕೌಂಟರಿಗೆ ಬರುವ ಸದಸ್ಯರ ಮಾತಿನಲ್ಲಿ ಈಚಿನ ವರ್ಷಗಳಲ್ಲಿ ಒಂದು ಬದಲಾವಣೆಯನ್ನು ನಾವು ಗಮನಿಸುತ್ತ ಬಂದಿದ್ದೇವೆ. ಹಿಂದೆ ‘ಇವತ್ತು ರಾಶಿ ಎಷ್ಟಕ್ಕೆ ಹೋಯಿತು’, ‘ಮೈಲುತುತ್ತ ಬಂದಿದೆಯೋ’ ಎಂಬೆರಡು ಪ್ರಶ್ನೆ ಮುಗಿದರೆ ಉಳಿದದ್ದು ಮಳೆಯ ವಿಚಾರ. ಈಗ ಹಾಗಲ್ಲ. ‘ಪಹಣಿ ತೆಗೆಸಲು ಹೋದರೆ ಸರ್ವರ್ ಡೌನ್ ಅಂತಾರೆ, ಹಾಗೆಂದರೇನು?’ ‘ಯಾರೋ ಲಿಂಕ್ ಕಳಿಸಿದ್ದಾರೆ, ಒತ್ತುವುದೋ ಬೇಡವೋ?’ ‘ವೈಫೈ ಗುರುತು ತುಂಬ ಕಾಣುತ್ತದೆ, ಆದರೆ ನೆಟ್ ಬರುವುದಿಲ್ಲ, ಯಾಕೆ?’ ಇಂತಹ ಪ್ರಶ್ನೆಗಳೇ ಹೆಚ್ಚು. ಕೇಳುವವರಲ್ಲಿ ಹೆಚ್ಚಿನವರು ಐವತ್ತು ದಾಟಿದವರು; ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ ಇರುವವರು. ಫೋನಿನಲ್ಲಿ ಮಗನನ್ನು ಕೇಳಿದರೆ ಅವನು ಹೇಳುವ ಉತ್ತರದಲ್ಲಿ ಅರ್ಥವಾಗದ ಶಬ್ದ ಇನ್ನೂ ನಾಲ್ಕು ಸೇರಿರುತ್ತವೆ ಎಂಬುದು ಹಲವರ ದೂರು.

ಇದನ್ನು ಬರಿಯ ಶಬ್ದದ ತೊಡಕೆಂದು ತಳ್ಳಿಹಾಕುವಂತಿಲ್ಲ. ಕಾಫಿ ಬೆಳೆಗಾರರನ್ನೇ ತೆಗೆದುಕೊಳ್ಳಿ. 1942ರ ಕಾಫಿ ಕಾಯಿದೆಯಡಿ ಬೆಳೆದದ್ದನ್ನು ಮಂಡಳಿಯ ಪೂಲಿಗೆ ಹಾಕಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ ಕಾಲವೊಂದಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಮಾರಾಟವೆಲ್ಲ ಬೆಳೆಗಾರನ ಕೈಗೇ ಬಂದಿತು. ಅಂದಿನಿಂದ ಧಾರಣೆ ನೋಡಿಕೊಳ್ಳುವ ಹೊಣೆಯೂ ಅವನದೇ. ಅದರ ಮೇಲೆ, ಕಾಡು ಕಡಿದು ಬೆಳೆದ ಮಾಲು ಬೇಡವೆಂದು ಯುರೋಪ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು, ತೋಟ ಎಲ್ಲಿದೆಯೆಂಬುದನ್ನು ಅಕ್ಷಾಂಶ ರೇಖಾಂಶ ಸಮೇತ ಕೇಳುತ್ತದೆ. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಸುತ್ತಳತೆಯ ಗೆರೆಯನ್ನೇ ಕೊಡಬೇಕು. ಜಾರಿಯ ದಿನ ಮುಂದೂಡುತ್ತ ಬಂದಿದ್ದರೂ ವಿಷಯ ತಪ್ಪಿದ್ದಲ್ಲ. ಅಡಿಕೆಯವರಿಗೂ ಅಷ್ಟೇ: ಪಹಣಿ, ಬೆಳೆ ಸಮೀಕ್ಷೆ, ವಿಮೆಯ ಕಂತು, ಮಾರುಕಟ್ಟೆಯ ದರ ಎಲ್ಲವೂ ಇದೇ ದಾರಿಯಲ್ಲಿ ಬರುತ್ತಿವೆ. ಈ ದಾರಿಯ ಭಾಷೆ ಬಾರದವರು ತಮ್ಮ ಫೋನನ್ನೂ ಅದರಲ್ಲಿ ಬರುವ ಗುಟ್ಟಿನ ಅಂಕಿಯನ್ನೂ ಪರರ ಕೈಗೆ ಕೊಡಬೇಕಾಗುತ್ತದೆ. ಕೊಟ್ಟವರ ಗತಿ ಏನಾಗಿದೆಯೆಂದು ದಿನಪತ್ರಿಕೆ ಓದುವವರಿಗೆ ಬೇರೆ ಹೇಳಬೇಕಾಗಿಲ್ಲ.

ನಾವಿಲ್ಲಿ ನಿಘಂಟು ಬರೆಯ ಹೊರಟಿಲ್ಲ. ಕೌಂಟರಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಶಬ್ದಗಳನ್ನಷ್ಟೇ ಎತ್ತಿಕೊಂಡು, ಅವುಗಳ ಹಿಂದೆ ನಡೆಯುವುದೇನು ಎಂಬುದನ್ನು ತಿಳಿದ ಮಟ್ಟಿಗೆ ಬಿಡಿಸಿ ಹೇಳುತ್ತೇವೆ.

ಜಾಲವೆಂದರೆ ಯಾವ ಜಾಲ?

ಮೊದಲಿಗೆ ಹೆಸರಿನ ವಿಚಾರ. ಇಂಟರ್‌ನೆಟ್ಟಿಗೆ ಕೆಲವರು ‘ಅಂತರ್ಜಾಲ’ ಎಂದು ಬರೆಯುತ್ತಾರೆ, ಕೆಲವರು ‘ಅಂತರಜಾಲ’ ಎಂದು. ‘ಅಂತರ್’ ಎಂದರೆ ಒಳಗಿನದು. ಒಂದೇ ಕಚೇರಿಯ ನಾಲ್ಕು ಕಂಪ್ಯೂಟರುಗಳನ್ನು ತಮ್ಮ ತಮ್ಮೊಳಗೆ ಜೋಡಿಸಿದರೆ ಅದಕ್ಕೆ ಅಂತರ್ಜಾಲವೆನ್ನಬಹುದು. ಅಂತಹ ಸಾವಿರಾರು ಜಾಲಗಳ ನಡುವೆ ಸಂಪರ್ಕ ಏರ್ಪಟ್ಟಿರುವುದೇ ಇಂಟರ್‌ನೆಟ್ಟು. ಆದ್ದರಿಂದ ‘ಅಂತರಜಾಲ’ ಎಂಬುದೇ ಸರಿಯೆಂದು ವಾದಿಸುವವರ ಪಕ್ಷ ನಮ್ಮದು. ಮಾತಿನಲ್ಲಿ ‘ನೆಟ್’ ಎಂದರೂ ಯಾರೂ ಬೇಸರಿಸಬೇಕಾಗಿಲ್ಲ.

ಈ ಜಾಲದಲ್ಲಿ ಮಾಹಿತಿ ಹೋಗುವ ಬಗೆ ನಮ್ಮವರಿಗೆ ಹೊಸದಲ್ಲ. ನೂರು ಚೀಲ ಅಡಿಕೆಯನ್ನು ಮಂಗಳೂರಿಗೆ ಕಳಿಸಬೇಕಾಗಿದೆ ಎನ್ನಿ. ಪ್ರತಿ ಚೀಲದ ಮೇಲೂ ಕಳಿಸುವವರ ಗುರುತು, ತಲುಪಬೇಕಾದ ವಿಳಾಸ, ನೂರರಲ್ಲಿ ಇದು ಎಷ್ಟನೆಯದು ಎಂಬ ಸಂಖ್ಯೆ ಬರೆದಿದೆ. ಸಿಕ್ಕಿದ ಲಾರಿಗೆ ಸಿಕ್ಕಿದಷ್ಟು ಚೀಲ ಹೇರುತ್ತೀರಿ. ಶಿರಾಡಿಯಲ್ಲಿ ಗುಡ್ಡ ಜರಿದಿದ್ದರೆ ಕೆಲವು ಚಾರ್ಮಾಡಿಯಲ್ಲಿ ಇಳಿಯುತ್ತವೆ, ಕೆಲವು ಆಗುಂಬೆಯ ಸುತ್ತು ಹಾಕಿ ಬರುತ್ತವೆ. ಹಿಂದುಮುಂದಾಗಿ ತಲುಪಿದರೂ ಗೋದಾಮಿನಲ್ಲಿ ಸಂಖ್ಯೆ ನೋಡಿ ಸಾಲಾಗಿ ಜೋಡಿಸುತ್ತಾರೆ. ಎಪ್ಪತ್ತನೆಯ ಚೀಲ ಬಂದಿಲ್ಲವೆಂದಾದರೆ ಅದೊಂದನ್ನು ಮಾತ್ರ ತಿರುಗಿ ಕಳಿಸಲು ಹೇಳುತ್ತಾರೆ. ಅಂತರಜಾಲದಲ್ಲಿ ಒಂದು ಚಿತ್ರವಾಗಲಿ, ಪತ್ರವಾಗಲಿ ಹೀಗೆಯೇ ಸಣ್ಣ ಸಣ್ಣ ಕಟ್ಟುಗಳಾಗಿ ಒಡೆದು, ತೆರೆದಿರುವ ಹಾದಿ ಹಿಡಿದು ಹೋಗಿ, ತಲುಪಿದಲ್ಲಿ ಕೂಡಿಕೊಳ್ಳುತ್ತದೆ. ಈ ಕಟ್ಟಿಗೆ ‘ಪ್ಯಾಕೆಟ್’ ಎಂದು ಹೆಸರು. ಅದರ ಮೇಲೆ ಬರೆದಿರುವ ಸಂಖ್ಯೆಯ ವಿಳಾಸವೇ ‘ಐಪಿ ಅಡ್ರೆಸ್’. ಹಳೆಯ ಪದ್ಧತಿಯಲ್ಲಿ ಇಂತಹ ಸಂಖ್ಯೆಗಳು ಸುಮಾರು 430 ಕೋಟಿ ಮಾತ್ರ. ಲೋಕದ ಫೋನುಗಳಿಗೆಲ್ಲ ಅಷ್ಟು ಸಾಲದೆ, ಇನ್ನೂ ಉದ್ದದ ಸಂಖ್ಯೆಗಳ ಹೊಸ ಪದ್ಧತಿ ಬಳಕೆಗೆ ಬಂದಿದೆ.

ಇದರ ಬೀಜ ಬಿದ್ದದ್ದು ಅಮೆರಿಕದಲ್ಲಿ, 1969ರ ಅಕ್ಟೋಬರ್ 29ರಂದು. ಕ್ಯಾಲಿಫೋರ್ನಿಯದ ಒಂದು ವಿಶ್ವವಿದ್ಯಾನಿಲಯದ ಕಂಪ್ಯೂಟರಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ‘ಲಾಗಿನ್’ ಎಂಬ ಮಾತನ್ನು ಕಳಿಸಲು ಹೊರಟರು. ಎಲ್ ಮತ್ತು ಒ ಎಂಬೆರಡು ಅಕ್ಷರ ಹೋಗುವಷ್ಟರಲ್ಲಿ ಆಚೆ ಕಡೆಯ ಯಂತ್ರ ಕೆಟ್ಟು ಕುಳಿತಿತು! ‘ಸರ್ವರ್ ಡೌನ್’ ಎಂಬ ರೋಗ ಕೂಸಿನ ಜೊತೆಗೇ ಹುಟ್ಟಿದ್ದು ಎಂದಾಯಿತು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಈ ಸೇವೆಯನ್ನು ತೆರೆದದ್ದು 1995ರ ಆಗಸ್ಟ್ 15ರಂದು.

ಜಾಲದೊಳಗಿನ ಕಾಫಿ

ಅಂತರಜಾಲ ಬೇರೆ, ‘ವೆಬ್’ ಬೇರೆ. ರಸ್ತೆ ಬೇರೆ, ಅದರಲ್ಲಿ ಓಡುವ ಬಸ್ಸು ಬೇರೆ ಎಂಬಂತೆ. ಅದೇ ರಸ್ತೆಯಲ್ಲಿ ಮಿಂಚಂಚೆ ಎಂಬ ಈಮೇಲ್ ಓಡುತ್ತದೆ, ವಾಟ್ಸ್ಆಪ್ ಓಡುತ್ತದೆ, ಪುಟಗಳ ವೆಬ್ಬೂ ಓಡುತ್ತದೆ. ಈ ವೆಬ್ಬನ್ನು ಯೋಚಿಸಿದವರು ಟಿಮ್ ಬರ್ನರ್ಸ್-ಲೀ. ಜಿನೀವಾದ ಬಳಿಯ ಸರ್ನ್ ಎಂಬ ಪರಮಾಣು ಸಂಶೋಧನಾ ಕೇಂದ್ರದಲ್ಲಿದ್ದಾಗ, 1989ರಲ್ಲಿ. 1993ರ ಏಪ್ರಿಲ್ 30ರಂದು ಆ ಕೇಂದ್ರವು ಇದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದೆಂದು ಸಾರಿತು. ಹಾಗೆ ಸಾರದೆ ಪ್ರತಿ ಪುಟಕ್ಕೂ ಕಾಸು ಕೇಳಿದ್ದರೆ ಇಂದು ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲವೋ ಏನೋ.

ಕಾಫಿಯವರ ಪತ್ರಿಕೆಯಲ್ಲಿ ಬರೆಯುತ್ತಿರುವುದರಿಂದ ಒಂದು ಸ್ವಾರಸ್ಯವನ್ನು ಬಿಡುವಂತಿಲ್ಲ. ಕಂಪ್ಯೂಟರ್ ಜಗತ್ತಿನ ಎಷ್ಟೋ ಪ್ರಸಂಗಗಳಲ್ಲಿ ಕಾಫಿಯ ಘಮ ಇದೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರಿಗೂ ಸೇರಿ ಕಾಫಿ ಪಾತ್ರೆ ಒಂದೇ. ದೂರದ ಕೋಣೆಗಳಿಂದ ಮೆಟ್ಟಲು ಇಳಿದು ಬಂದವರಿಗೆ ಖಾಲಿ ಪಾತ್ರೆಯ ದರ್ಶನವಾಗುತ್ತಿತ್ತು. 1991ರಲ್ಲಿ ಅಲ್ಲಿನವರು ಪಾತ್ರೆಯ ಎದುರು ಒಂದು ಕ್ಯಾಮರಾ ನಿಲ್ಲಿಸಿ, ಕುಳಿತಲ್ಲಿಂದಲೇ ಕಾಫಿ ಇದೆಯೋ ಇಲ್ಲವೋ ನೋಡುವ ಏರ್ಪಾಟು ಮಾಡಿಕೊಂಡರು. 1993ರಲ್ಲಿ ಅದು ವೆಬ್ಬಿಗೆ ಸೇರಿ ಲೋಕಕ್ಕೆಲ್ಲ ಕಾಣಿಸತೊಡಗಿತು. ‘ವೆಬ್‌ಕ್ಯಾಮ್’ ಎಂಬುದರ ಮೂಲಪುರುಷ ಈ ಕಾಫಿ ಪಾತ್ರೆಯೇ. 2001ರಲ್ಲಿ ಕ್ಯಾಮರಾ ನಿಲ್ಲಿಸಿದಾಗ, ಕೊನೆಯದಾಗಿ ಅಲ್ಲಿದ್ದ ಕಾಫಿ ಯಂತ್ರವನ್ನು ಜರ್ಮನಿಯ ಒಂದು ಪತ್ರಿಕೆ ಹರಾಜಿನಲ್ಲಿ 3,350 ಪೌಂಡು ಕೊಟ್ಟು ಕೊಂಡಿತು. ಅಷ್ಟು ಹಣ ಬಂದದ್ದು ಯಂತ್ರಕ್ಕೆ. ಬೀಜಕ್ಕಲ್ಲ ಎಂಬುದನ್ನು ಬೆಳೆಗಾರರು ಗಮನಿಸಬೇಕು.

1995ರಲ್ಲಿ ಹೊರಬಂದ ‘ಜಾವಾ’ ಎಂಬ ಕಂಪ್ಯೂಟರ್ ಭಾಷೆಯ ಗುರುತು ಹಬೆಯಾಡುವ ಕಾಫಿ ಲೋಟ. ಹೆಸರು ಬಂದದ್ದು ಜಾವಾ ದ್ವೀಪದ ಕಾಫಿಯಿಂದ. ಆ ದ್ವೀಪಕ್ಕೆ ಡಚ್ಚರು 1690ರ ದಶಕದಲ್ಲಿ ಸಸಿ ಒಯ್ದದ್ದು ನಮ್ಮ ಘಟ್ಟದ ಕೆಳಗಿನ ಮಲಬಾರ್ ಕರಾವಳಿಯಿಂದ. ಇನ್ನು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ಚಿಕ್ಕಮಗಳೂರಿನ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ಅವರು ತೆರೆದ ಮೊದಲ ಕೆಫೆ ಕಾಫಿ ಡೇ ಅಂಗಡಿ, ಕಾಫಿಯ ಜೊತೆಗೆ ಅಂತರಜಾಲ ನೋಡಲು ಜನ ಬರುತ್ತಿದ್ದ ಸೈಬರ್ ಕೆಫೆಯಾಗಿಯೇ ಶುರುವಾದದ್ದು.

ಬಡಿಸುವವ ಒಬ್ಬ, ಉಣ್ಣುವವರು ನೂರು

ಇರಲಿ, ವಿಷಯಕ್ಕೆ ಬರೋಣ. ‘ವೆಬ್‌ಸೈಟ್’ ಅಥವಾ ಜಾಲತಾಣವೆಂದರೆ ಒಂದು ಸಂಸ್ಥೆಯೋ ವ್ಯಕ್ತಿಯೋ ಬರೆದಿಟ್ಟ ಪುಟಗಳ ಕಂತೆ. ಆ ಕಂತೆಯನ್ನು ಇಟ್ಟಿರುವ, ಹಗಲೂ ರಾತ್ರಿ ಎಚ್ಚರವಾಗಿರುವ ಕಂಪ್ಯೂಟರೇ ‘ಸರ್ವರ್’. ತಮ್ಮ ಫೋನಿನಲ್ಲಿ ಆ ಪುಟವನ್ನು ತರಿಸಿ ತೋರಿಸುವ ಸಾಧನ ‘ಬ್ರೌಸರ್’. ಕ್ರೋಮ್, ಫೈರ್‌ಫಾಕ್ಸ್ ಇತ್ಯಾದಿ. ಯಾವ ಪುಟ ಎಲ್ಲಿದೆಯೆಂದು ಹುಡುಕಿಕೊಡುವುದು ಗೂಗಲ್‌ನಂತಹ ‘ಸರ್ಚ್ ಎಂಜಿನ್’. ಗೂಗಲ್ಲೇ ಅಂತರಜಾಲವೆಂದು ತಿಳಿದವರು ನಮ್ಮಲ್ಲಿ ಬಹಳ. ಅದು ದಾರಿ ತೋರಿಸುವವನೇ ಹೊರತು ಊರಲ್ಲ. ಅದು ಮೊಟ್ಟಮೊದಲು ತೋರಿಸುವ ಒಂದೆರಡು ಸಾಲುಗಳು ಎಷ್ಟೋ ವೇಳೆ ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಪ್ರಾಯೋಜಿತ’ ಎಂದಿರುತ್ತದೆ. ಬ್ಯಾಂಕಿನ ಗ್ರಾಹಕ ಸೇವೆಯ ಫೋನ್ ನಂಬರನ್ನು ಹೀಗೆ ಹುಡುಕಿ, ಸಿಕ್ಕಿದ ನಂಬರಿಗೆ ಫೋನು ಮಾಡಿ, ಕಳ್ಳರ ಕೈಗೇ ಸಿಕ್ಕಿದವರಿದ್ದಾರೆ. ಬ್ಯಾಂಕಿನ ನಂಬರು ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಹಿಂಬದಿಯಲ್ಲೋ ಇರುತ್ತದೆ, ಅದನ್ನೇ ಬಳಸಬೇಕು.

ಸರ್ವರ್ ಎಂಬ ಶಬ್ದದ ಅರ್ಥ ಬಡಿಸುವವ ಎಂದು. ಮದುವೆಯ ಪಂಕ್ತಿಯಲ್ಲಿ ಸಾರು ಬಡಿಸಲು ಇರುವವ ಒಬ್ಬ. ಇನ್ನೂರು ಎಲೆಯವರೂ ಒಟ್ಟಿಗೆ ‘ಸಾರು, ಸಾರು’ ಎಂದರೆ ಅವನೇನು ಮಾಡಿಯಾನು? ಬೆಳೆ ವಿಮೆಯ ಕೊನೆಯ ದಿನ, ಅರ್ಜಿಯ ಗಡುವಿನ ಹಿಂದಿನ ಸಂಜೆ, ರಾಜ್ಯದ ಮೂಲೆ ಮೂಲೆಯಿಂದ ಏಕಕಾಲಕ್ಕೆ ಬೇಡಿಕೆ ಬಂದಾಗ ಸರ್ವರು ಹೀಗೆ ಕಂಗಾಲಾಗುತ್ತದೆ. ದುರಸ್ತಿಗೆಂದು ನಿಲ್ಲಿಸಿರುವುದೂ ಉಂಟು. ಆದರೆ ‘ಸರ್ವರ್ ಡೌನ್’ ಎಂದು ಹೇಳಿದ್ದೆಲ್ಲ ಸರ್ವರ್ ಡೌನ್ ಅಲ್ಲವೆಂಬುದು ನಮ್ಮ ಅನುಭವ. ಆ ಕಚೇರಿಯ ನೆಟ್ಟೇ ಹೋಗಿರಬಹುದು. ಕುಳಿತವರಿಗೆ ಊಟದ ಹೊತ್ತಾಗಿರಲೂಬಹುದು. ಪರೀಕ್ಷೆ ಸುಲಭ: ಅದೇ ಹೊತ್ತಿಗೆ ಬೇರೊಂದು ತಾಣ ತೆರೆದು ನೋಡಬೇಕು. ಅದು ತೆರೆದು ಇದು ತೆರೆಯದಿದ್ದರೆ ತೊಂದರೆ ಆ ಸರ್ವರಿನದು. ಯಾವುದೂ ತೆರೆಯದಿದ್ದರೆ ತೊಂದರೆ ಇಲ್ಲಿಯದೇ. ಸರ್ವರ್ ನಿಜಕ್ಕೂ ಕಿಕ್ಕಿರಿದಿದ್ದರೆ ಬೆಳಗಿನ ಜಾವ ಹಾಲು ಕರೆಯುವ ಹೊತ್ತಿಗೆ ಪ್ರಯತ್ನಿಸಿ. ಆಗ ಪಂಕ್ತಿ ಖಾಲಿ.

‘404’ ಎಂಬ ಅಂಕಿ ಕಂಡರೆ ಅರ್ಥ ಬೇರೆ. ಸರ್ವರ್ ಸರಿಯಾಗಿದೆ, ಕೇಳಿದ ಪುಟ ಅಲ್ಲಿಲ್ಲ ಎಂದು. ಸರ್ಕಾರದ ತಾಣಗಳಲ್ಲಿ ಇದು ಹೆಚ್ಚು. ಹಿಂದೆ ‘ಕರ್ ಡಾಟ್ ನಿಕ್ ಡಾಟ್ ಇನ್’ ಎಂದಿದ್ದ ರಾಜ್ಯದ ಅನೇಕ ವಿಳಾಸಗಳು ಬಳಿಕ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದಾದವು. ಹಳೆಯ ವಿಳಾಸ ಬರೆದಿಟ್ಟುಕೊಂಡವರು ಬೀಗ ಹಾಕಿದ ಮನೆಯ ಮುಂದೆ ನಿಂತಂತಾಯಿತು. ಅಂಕಿಗಳಲ್ಲಿ ‘418’ ಎಂಬುದೂ ಒಂದಿದೆ. 1998ರ ಏಪ್ರಿಲ್ ಒಂದರಂದು ತಮಾಷೆಗೆ ಬರೆದ ನಿಯಮಾವಳಿಯೊಂದರ ಪ್ರಕಾರ, ಅಂತರಜಾಲದ ಮೂಲಕ ಚಹಾ ಪಾತ್ರೆಗೆ ‘ಕಾಫಿ ಮಾಡು’ ಎಂದರೆ ಅದು ಕೊಡಬೇಕಾದ ಉತ್ತರ: ‘418, ನಾನು ಚಹಾ ಪಾತ್ರೆ’. ಚಹಾದವರು ಇದನ್ನು ಹೇಗೆ ತೆಗೆದುಕೊಂಡರೋ ತಿಳಿಯದು.

ವಿಳಾಸ ಓದುವ ಕ್ರಮ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿರುವವರು ಇದನ್ನು ಓದಬೇಕೆಂದು ನಮ್ಮ ಬಿನ್ನಹ. ಮೋಸ ನಡೆಯುವುದು ಹೆಚ್ಚಾಗಿ ಇಲ್ಲಿ.

ತಾಣದ ಹೆಸರಿಗೆ ‘ಡೊಮೈನ್’ ಎನ್ನುತ್ತಾರೆ. ಸಂಖ್ಯೆಯ ಐಪಿ ವಿಳಾಸ ಮನುಷ್ಯರಿಗೆ ನೆನಪಿರುವುದಿಲ್ಲವೆಂದು, ಹೆಸರು ಹೇಳಿದರೆ ಸಂಖ್ಯೆ ಹುಡುಕಿಕೊಡುವ ದೊಡ್ಡ ದಫ್ತರವೊಂದನ್ನು 1983ರಲ್ಲಿ ರೂಪಿಸಿದರು. ಹೆಸರು ಬರೆಯುವ ಕ್ರಮ ನಮ್ಮ ಅಂಚೆ ವಿಳಾಸದ ಕ್ರಮವೇ. ‘ಹೊಸಮನೆ, ಬಸರೀಕಟ್ಟೆ ಅಂಚೆ, ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ’ ಎಂದು ಬರೆಯುವಾಗ ಚಿಕ್ಕದು ಮೊದಲು, ದೊಡ್ಡದು ಕೊನೆಗೆ ಅಲ್ಲವೇ? ಹಾಗೆಯೇ ಇದೂ. ಪಹಣಿ ನೋಡುವ ಭೂಮಿ ತಾಣದ ವಿಳಾಸ ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’. (ನಾವು ಕನ್ನಡದಲ್ಲಿ ಬರೆದಿದ್ದೇವೆ, ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ಡಾಟ್ ಎಂದಲ್ಲಿ ಚುಕ್ಕೆ ಇಟ್ಟು ಬರೆಯಬೇಕು.) ಇದನ್ನು ಬಲಗಡೆಯಿಂದ ಎಡಕ್ಕೆ ಓದಬೇಕು: ಇನ್ ಎಂದರೆ ಭಾರತ, ಗವ್ ಎಂದರೆ ಸರ್ಕಾರ, ಆಮೇಲೆ ಕರ್ನಾಟಕ, ಕೊನೆಗೆ ಭೂದಾಖಲೆ. ‘ಗವ್ ಡಾಟ್ ಇನ್’ ಎಂಬ ಕೊನೆ ಸರ್ಕಾರಿ ಸಂಸ್ಥೆಗಳಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ‘ಡಾಟ್ ಕಾಮ್’ ಹಾಗಲ್ಲ. ವರ್ಷಕ್ಕಿಷ್ಟು ಎಂದು ಕಾಸು ಕೊಟ್ಟರೆ ಯಾರಿಗೂ ಸಿಗುತ್ತದೆ.

ಮನೆಗೆ ‘ಮೈಸೂರು ಅರಮನೆ’ ಎಂದು ಹೆಸರಿಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಆದರೆ ಆ ಮನೆ ಬಸರೀಕಟ್ಟೆಯಲ್ಲಿದ್ದರೆ ಅದು ಬಸರೀಕಟ್ಟೆಯದೇ. ಕಳ್ಳರು ಮಾಡುವುದು ಇದನ್ನೇ. ಕಾಫಿ ಮಂಡಳಿಯ ತಾಣ ‘ಕಾಫಿಬೋರ್ಡ್ ಡಾಟ್ ಗವ್ ಡಾಟ್ ಇನ್’. ಕಳ್ಳನೊಬ್ಬ ‘ಸಹಾಯಧನ ಡಾಟ್ ಕಾಮ್’ ಎಂಬಂತಹ ಹೆಸರೊಂದನ್ನು ಕೊಂಡು, ಅದರ ಎಡಕ್ಕೆ ತನಗೆ ಬೇಕಾದದ್ದನ್ನೆಲ್ಲ ಪೋಣಿಸಿ ‘ಕಾಫಿಬೋರ್ಡ್ ಡಾಟ್ ಗವ್ ಡಾಟ್ ಇನ್ ಡಾಟ್ ಸಹಾಯಧನ ಡಾಟ್ ಕಾಮ್’ ಎಂದು ಮಾಡಬಲ್ಲ. ಎಡದಿಂದ ಓದುವವರ ಕಣ್ಣಿಗೆ ಮಂಡಳಿ ಕಾಣುತ್ತದೆ; ಬಲದಿಂದ ಓದುವವರಿಗೆ ಕಳ್ಳ ಕಾಣುತ್ತಾನೆ. ಚುಕ್ಕೆಯ ಬದಲು ಅಡ್ಡಗೆರೆ ಇಟ್ಟು ‘ಕಾಫಿಬೋರ್ಡ್-ಗವ್-ಇನ್ ಡಾಟ್ ಕಾಮ್’ ಎನ್ನುವುದು ಇನ್ನೊಂದು ಉಪಾಯ. ಎಲ್ ಅಕ್ಷರದ ಜಾಗದಲ್ಲಿ ಒಂದು ಎಂಬ ಅಂಕಿ, ಎಮ್ ಕಾಣುವಂತೆ ಆರ್ ಮತ್ತು ಎನ್ ಒತ್ತಾಗಿ ಬರೆಯುವುದು ಮತ್ತೂ ಸೂಕ್ಷ್ಮ. ಕನ್ನಡಕ ಹಾಕಿದವರೂ ಏಮಾರುತ್ತಾರೆ.

ಉದ್ದನೆಯ ವಿಳಾಸದಲ್ಲಿ ಬಲತುದಿ ಯಾವುದೆಂಬ ಪ್ರಶ್ನೆ ಬರುತ್ತದೆ. ಮೊದಲಿಗೆ ‘ಎಚ್‌ಟಿಟಿಪಿಎಸ್’, ಅದರ ಬೆನ್ನಿಗೆ ಎರಡು ಓರೆಗೆರೆ ಇರುತ್ತವೆ. ಅಲ್ಲಿಂದ ಮುಂದೆ ಸಿಗುವ ಮೊದಲ ಒಂಟಿ ಓರೆಗೆರೆಯವರೆಗಿನದು ಮಾತ್ರ ವಿಳಾಸ. ಆ ಗೆರೆಯ ಆಚೆಗೆ ಬರೆದಿರುವುದೆಲ್ಲ ಮನೆಯೊಳಗಿನ ಕೋಣೆಗಳ ಹೆಸರು. ಅಲ್ಲಿ ಸಾಕ್ಷಾತ್ ರಿಸರ್ವ್ ಬ್ಯಾಂಕೆಂದು ಬರೆದಿದ್ದರೂ ಬೆಲೆ ಕೊಡಬೇಕಾಗಿಲ್ಲ.

ಬ್ಯಾಂಕುಗಳ ವಿಚಾರದಲ್ಲಿ ಒಂದು ಅನುಕೂಲವಾಗಿದೆ. ಬ್ಯಾಂಕುಗಳೆಲ್ಲ ತಮ್ಮ ತಾಣವನ್ನು ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಆದೇಶಿಸಿ, ಅಕ್ಟೋಬರ್ 31ರ ಗಡುವು ಕೊಟ್ಟಿತು. ಈ ಕೊನೆ ಬ್ಯಾಂಕಲ್ಲದವರಿಗೆ ಸಿಗದು. ಆದ್ದರಿಂದ ಬ್ಯಾಂಕೆಂದು ಹೇಳಿಕೊಂಡು ಬೇರೆ ಕೊನೆಯ ಕೊಂಡಿ ಬಂದರೆ ಅನುಮಾನಿಸಲು ಅಷ್ಟೇ ಸಾಕು. ಇದು ಬ್ಯಾಂಕುಗಳಿಗೆ ಮಾತ್ರ. ನಮ್ಮ ಊರುಗಳ ಪ್ರಾಥಮಿಕ ಸಹಕಾರ ಸಂಘಗಳಿಗೆ ಅನ್ವಯಿಸುವುದಿಲ್ಲ. ಸಹಕಾರಿಗಳಿಗೆಂದೇ ‘ಡಾಟ್ ಕೋಆಪ್’ ಎಂಬ ಬೇರೆ ಕೊನೆಯೊಂದಿದೆ, ಆದರೆ ನಮ್ಮ ಕಡೆ ಅದನ್ನು ಬಳಸಿದವರು ವಿರಳ. ವಿಳಾಸವನ್ನು ಕನ್ನಡ ಲಿಪಿಯಲ್ಲೇ ಬರೆದು ‘ಡಾಟ್ ಭಾರತ’ ಎಂದು ಮುಗಿಸುವ ಸೌಲಭ್ಯವೂ ಬಂದಿದೆ. 1996ರಲ್ಲೇ ಡಾ. ಯು.ಬಿ. ಪವನಜ ಅವರು ‘ವಿಶ್ವ ಕನ್ನಡ’ ಎಂಬ ಕನ್ನಡದ ಮೊದಲ ಅಂತರಜಾಲ ಪತ್ರಿಕೆ ತಂದರು. ಪುಟ ಕನ್ನಡದಲ್ಲಿ ಬಂದು ಇಷ್ಟು ವರ್ಷವಾದರೂ ವಿಳಾಸ ಮಾತ್ರ ಇಂಗ್ಲಿಷಿನಲ್ಲೇ ಉಳಿದಿರುವುದು ನಮಗೆ ಸರಿಕಾಣದು.

ಇನ್ನು ಬೀಗದ ಚಿತ್ರ. ಎಚ್‌ಟಿಟಿಪಿಎಸ್‌ನ ಕೊನೆಯ ಎಸ್ ಮತ್ತು ಅದರ ಗುರುತಾದ ಬೀಗ ಹೇಳುವುದಿಷ್ಟೇ: ತಮಗೂ ಆ ತಾಣಕ್ಕೂ ನಡುವೆ ಹೋಗುವ ಮಾತು ದಾರಿಯಲ್ಲಿ ಯಾರೂ ಓದಲಾಗದಂತೆ ಲಕೋಟೆಯೊಳಗಿದೆ. ಲಕೋಟೆ ತಲುಪಿದ ಮನೆಯವನು ಸಾಧುವೋ ಕಳ್ಳನೋ ಎಂಬುದನ್ನು ಅದು ಹೇಳುವುದಿಲ್ಲ. ಕಳ್ಳನ ತಾಣಕ್ಕೂ ಬೀಗ ಸಿಗುತ್ತದೆ. ಜನ ಇದನ್ನು ತಪ್ಪಾಗಿ ತಿಳಿಯುತ್ತಾರೆಂದೇ 2023ರಲ್ಲಿ ಕ್ರೋಮ್ ಬ್ರೌಸರಿನವರು ಆ ಬೀಗದ ಚಿತ್ರವನ್ನು ತೆಗೆದು ಬೇರೊಂದು ಗುರುತು ಇಟ್ಟರು.

ನಿನ್ನೆಯ ದರ, ಇಂದಿನ ಪುಟ

ಒಮ್ಮೆ ತೆರೆದ ಪುಟವನ್ನು ಬ್ರೌಸರು ತನ್ನಲ್ಲಿ ಒಂದು ಪ್ರತಿ ಇಟ್ಟುಕೊಂಡು, ಮುಂದಿನ ಸಲ ಬೇಗ ತೋರಿಸಲು ಅದನ್ನೇ ಮುಂದಿಡುವುದುಂಟು. ಈ ಸಂಗ್ರಹಕ್ಕೆ ‘ಕ್ಯಾಶ್’ ಎಂದು ಹೆಸರು. ನಗದಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಧಾರಣೆ ನೋಡುವವರ ನಗದಿಗೆ ಇದು ಕೈಯಿಡಬಲ್ಲದು. ನೆಟ್ ದುರ್ಬಲವಾಗಿರುವಲ್ಲಿ ನಿನ್ನೆಯ ಪುಟವೇ ಕಣ್ಣೆದುರು ಬಂದು, ಇಂದಿನದೆಂದು ತಿಳಿದು ವ್ಯಾಪಾರಿಗೆ ಮಾತು ಕೊಟ್ಟುಬಿಟ್ಟರೆ? ಬಾಗಿದ ಬಾಣದ ಗುರುತು ಒತ್ತಿ ಪುಟವನ್ನು ಹೊಸದಾಗಿ ತರಿಸುವುದಕ್ಕೆ ‘ರಿಫ್ರೆಶ್’ ಎನ್ನುತ್ತಾರೆ. ಒತ್ತಿದ ಮೇಲೂ ಪುಟದ ಮೇಲಿನ ದಿನಾಂಕ ನೋಡಿಯೇ ದರ ಓದಬೇಕು.

ದರದ ಪುಟದಲ್ಲೇ ಇರುವ ಒಂದೆರಡು ಮಾತು ಇಲ್ಲಿಗೆ ಸಲ್ಲುತ್ತದೆ. ಮಾರುಕಟ್ಟೆ ಸಮಿತಿಗಳ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠದ ಜೊತೆಗೆ ‘ಮಾದರಿ’ ಎಂಬ ಮೂರನೆಯ ಅಂಕಣವಿದೆ. ಅದು ಸರಾಸರಿಯಲ್ಲ, ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ಗರಿಷ್ಠ ದರ ಒಂದೇ ಒಂದು ಒಳ್ಳೆಯ ಲಾಟಿಗೆ ಬಂದಿರಬಹುದು. ಲೆಕ್ಕ ಹಾಕಬೇಕಾದದ್ದು ಮಾದರಿಯ ಮೇಲೆ. ಕಾಫಿಯಲ್ಲಿ ನ್ಯೂಯಾರ್ಕಿನ ಅರೇಬಿಕಾ ದರ ಪೌಂಡಿಗೆ ಇಷ್ಟು ಸೆಂಟ್ ಎಂದೂ ಲಂಡನ್ನಿನ ರೋಬಸ್ಟಾ ದರ ಟನ್ನಿಗೆ ಇಷ್ಟು ಡಾಲರ್ ಎಂದೂ ಇರುತ್ತದೆ. ಒಂದು ಕಿಲೋಗೆ ಸುಮಾರು 2.2 ಪೌಂಡು. ಬಿಟ್ಟಿ ತಾಣಗಳಲ್ಲಿ ಮೂಲೆಯಲ್ಲಿ ‘ಡಿಲೇಡ್’ ಎಂದು ಬರೆದಿದ್ದರೆ, ಕಾಣುತ್ತಿರುವುದು ಈ ಕ್ಷಣದ ದರವಲ್ಲ, ಹತ್ತು ಹದಿನೈದು ನಿಮಿಷ ಹಿಂದಿನದು ಎಂದರ್ಥ.

‘ಕುಕೀ’ ತಿನ್ನುವ ಬಿಸ್ಕತ್ತಲ್ಲ. ತಾಣವೊಂದು ತಮ್ಮ ಫೋನಿನಲ್ಲಿ ಇಟ್ಟುಹೋಗುವ ಗುರುತಿನ ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ಎಂಬವರು ಕಂಡುಹಿಡಿದದ್ದು. ಚೀಟಿಯಿದ್ದರೆ ಮರುದಿನ ಹೋದಾಗ ತಾಣ ಗುರುತು ಹಿಡಿಯುತ್ತದೆ, ಒಳ್ಳೆಯದೇ. ಆದರೆ ಒಂದು ಕಡೆ ಸ್ಪ್ರೇಯರ್ ನೋಡಿದರೆ ಮುಂದಿನ ಒಂದು ವಾರ ಎಲ್ಲಿ ಹೋದರೂ ಸ್ಪ್ರೇಯರಿನ ಜಾಹೀರಾತೇ ಬರುವುದಕ್ಕೂ ಇಂತಹ ಚೀಟಿಗಳೇ ಕಾರಣ. ‘ಕ್ಲೌಡ್’ ಎಂದರೆ ಮೋಡವೆಂದು ಮಲೆನಾಡಿನವರು ಹೆದರಬೇಕಾಗಿಲ್ಲ. ನಮ್ಮ ಚಿತ್ರ, ಲೆಕ್ಕ, ದಾಖಲೆಗಳನ್ನು ಬೇರೆಯವರ ದೊಡ್ಡ ಕಂಪ್ಯೂಟರ್ ಗೋದಾಮಿನಲ್ಲಿ ಇಡುವುದು, ಅಷ್ಟೆ. ಫೋನು ಕೆರೆಗೆ ಬಿದ್ದರೂ ಚಿತ್ರ ಉಳಿಯುತ್ತದೆ.

ಅಬ್ಬಿಯ ನೀರು, ದಂಬೆಯ ನೀರು

ವೈಫೈ ಪ್ರಶ್ನೆಗೆ ಉತ್ತರ ಬಾಕಿ ಇದೆ. ಗುಡ್ಡದ ಅಬ್ಬಿಯಿಂದ ಮನೆಯ ತೊಟ್ಟಿಗೆ ದಂಬೆಯಲ್ಲಿ ನೀರು ಬರುತ್ತದೆ. ತೊಟ್ಟಿಯಿಂದ ಅಡುಗೆಮನೆಗೆ, ಬಚ್ಚಲಿಗೆ ಬೇರೆ ಪೈಪು. ವೈಫೈ ಎಂದರೆ ತೊಟ್ಟಿಯಿಂದ ಒಳಗಿನ ಪೈಪು ಮಾತ್ರ. ಮೇಲೆ ದಂಬೆ ಜಾರಿದ್ದರೆ ಒಳಗಿನ ನಲ್ಲಿ ಎಷ್ಟು ಸರಿಯಿದ್ದರೂ ನೀರಿಲ್ಲ. ಫೋನಿನಲ್ಲಿ ಗುರುತು ಪೂರ್ತಿ ಇದ್ದು ನೆಟ್ ಬಾರದಿದ್ದರೆ ತೊಂದರೆ ಹೊರಗಿನ ತಂತಿಯಲ್ಲಿ. ಗುರುತೇ ಕ್ಷೀಣವಾಗಿದ್ದರೆ ಒಳಗೆ: ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಪೆಟ್ಟಿಗೆಯನ್ನು ಜಗಲಿಗೆ ತಂದಿಟ್ಟರೆ ಅರ್ಧ ತಾಪತ್ರಯ ಮುಗಿಯುತ್ತದೆ.

‘ಬ್ಯಾಂಡ್‌ವಿಡ್ತ್’ ಎಂಬುದು ಪೈಪಿನ ಅಗಲ. ಕಂಪನಿಯವರು ‘40 ಎಂಬಿಪಿಎಸ್’ ಎಂದು ಹೇಳುವಾಗ ಅಲ್ಲಿರುವುದು ಬಿಟ್ ಲೆಕ್ಕ. ಚಿತ್ರ, ವಿಡಿಯೋಗಳ ಗಾತ್ರ ಹೇಳುವುದು ಬೈಟ್ ಲೆಕ್ಕದಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ 40ರ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 5 ಎಂಬಿ. ನಲವತ್ತು ಹೇಳಿ ಐದು ಕೊಟ್ಟರೆಂದು ಜಗಳಕ್ಕೆ ಹೋಗುವ ಮುನ್ನ ಈ ಎಂಟರ ಮಗ್ಗಿ ನೆನಪಿರಲಿ. ನಾವು ತರಿಸಿಕೊಳ್ಳುವುದು ‘ಡೌನ್‌ಲೋಡ್’, ಕಳಿಸುವುದು ‘ಅಪ್‌ಲೋಡ್’.

ಗಾಳಕ್ಕೆ ಸಿಗದಿರಲು

‘ಫಿಶಿಂಗ್’ ಎಂಬ ಶಬ್ದ ಮೀನು ಹಿಡಿಯುವುದರಿಂದಲೇ ಬಂದದ್ದು. ಎರೆ ಎಂದರೆ ಸಹಾಯಧನ, ಕಟ್ಟಬೇಕಾದ ಕರೆಂಟು ಬಿಲ್ಲು, ಟ್ರಾಫಿಕ್ ದಂಡ, ಮದುವೆಯ ಕರೆಯೋಲೆ. ಗಾಳ ಎಂದರೆ ಲಿಂಕ್. ಇದರಲ್ಲಿ ಬಲು ಅಪಾಯದ ಬಗೆ ‘ಎಪಿಕೆ’ ಎಂಬ ಮೂರಕ್ಷರದಿಂದ ಕೊನೆಗೊಳ್ಳುವ ಕಡತ. ಅದು ಚಿತ್ರವಲ್ಲ, ಪತ್ರವಲ್ಲ, ಫೋನಿನೊಳಗೆ ಕುಳಿತು ಕೆಲಸ ಮಾಡುವ ಆಪ್. ಕಿಸಾನ್ ಯೋಜನೆಯ ಹೆಸರಿನಲ್ಲಿ ವಾಟ್ಸ್ಆಪ್ ಗುಂಪುಗಳಲ್ಲಿ ಬಂದ ಇಂತಹ ಕಡತ ಒತ್ತಿ, ‘ಅನುಮತಿ ಕೊಡಿ’ ಎಂದಲ್ಲೆಲ್ಲ ಒತ್ತಿದರೆ, ಮುಂದೆ ಬ್ಯಾಂಕಿನಿಂದ ಬರುವ ಒಟಿಪಿಯನ್ನು ಕಳ್ಳ ತಾನೇ ಓದಿಕೊಳ್ಳಬಲ್ಲ. ತಮ್ಮನ್ನು ಕೇಳಬೇಕಾಗಿಯೂ ಇಲ್ಲ. ಯಾವ ಸರ್ಕಾರಿ ಇಲಾಖೆಯೂ ಬ್ಯಾಂಕೂ ವಾಟ್ಸ್ಆಪಿನಲ್ಲಿ ಎಪಿಕೆ ಹಂಚುವ ಪದ್ಧತಿಯಿಲ್ಲ. ಬಂಧುವಿನ ನಂಬರಿನಿಂದ ಬಂದಿದ್ದರೂ ಮುಟ್ಟಕೂಡದು. ಆ ಬಂಧುವಿನ ಫೋನು ಆಗಲೇ ಕಳ್ಳನ ಕೈಯಲ್ಲಿರಬಹುದು.

‘ಒಟಿಪಿ’ ಎಂದರೆ ಒಂದು ಸಲಕ್ಕೆ ಮಾತ್ರ ನಡೆಯುವ ಗುಟ್ಟಿನ ಅಂಕಿ. ಅದು ಬಂದಿದೆಯೆಂದರೆ ತಮ್ಮ ಹೆಸರಿನಲ್ಲಿ ಏನೋ ಒಂದು ನಡೆಯುತ್ತಿದೆ ಎಂದರ್ಥ. ಅಂಕಿಯ ಮೇಲಿನ ಸಾಲಿನಲ್ಲಿ ಯಾವುದಕ್ಕೆ, ಎಷ್ಟು ರೂಪಾಯಿಗೆ ಎಂದು ಬರೆದಿರುತ್ತದೆ. ಕೌಂಟರಿನ ಹುಡುಗ ಕೇಳಿದನೆಂದು ಹೇಳುವ ಮೊದಲು ಆ ಸಾಲನ್ನು ಓದಿಸಿಯಾದರೂ ಕೇಳಬೇಕು. ಯುಪಿಐ ಪಿನ್ ಹಾಕುವುದು ಹಣ ಕೊಡಲು ಮಾತ್ರ, ಪಡೆಯಲು ಅಲ್ಲ. ‘ಅಡಿಕೆ ಕೊಳ್ಳುತ್ತೇನೆ, ಮುಂಗಡ ಕಳಿಸಿದ್ದೇನೆ, ಪಿನ್ ಹಾಕಿ ತೆಗೆದುಕೊಳ್ಳಿ’ ಎಂಬವನು ಕೊಳ್ಳುವವನಲ್ಲ, ಕೊಳ್ಳೆ ಹೊಡೆಯುವವನು.

ಹಣ ಹೋಗಿಯೇ ಬಿಟ್ಟಿತೆಂದಾದರೆ ನಾಚಿಕೆಪಟ್ಟು ಸುಮ್ಮನೆ ಕೂರಬಾರದು. ನಮ್ಮಲ್ಲಿ ಅನೇಕರು ಮಕ್ಕಳು ಬಯ್ದಾರೆಂದು ಎರಡು ದಿನ ಮುಚ್ಚಿಡುತ್ತಾರೆ. ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ. ಕೂಡಲೇ 1930 ಎಂಬ ನಂಬರಿಗೆ ಫೋನು ಮಾಡಬೇಕು. ದೇಶಕ್ಕೆಲ್ಲ ಒಂದೇ ನಂಬರು. ಬೇಗ ತಿಳಿಸಿದಷ್ಟೂ ಹಣ ಕಳ್ಳನ ಖಾತೆಯಿಂದ ಆಚೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲಿಯೂ ದೂರು ಬರೆಯಬಹುದು. ಫೋನು ಮಾಡುವ ಹೊತ್ತಿಗೆ ಕೈಯಲ್ಲಿ ಇರಬೇಕಾದದ್ದು ಖಾತೆಯ ನಂಬರು, ಹಣ ಹೋದ ಹೊತ್ತು ಮತ್ತು ಮೊತ್ತ, ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರ ಸಂಖ್ಯೆ. ಆ ಸಂದೇಶವನ್ನು ಸಿಟ್ಟಿನಿಂದ ಅಳಿಸಿಹಾಕಬಾರದು. ಆಮೇಲೆ ಬ್ಯಾಂಕಿಗೂ ಬರಹದಲ್ಲಿ ತಿಳಿಸಿ, ದೂರಿನ ಸಂಖ್ಯೆ ಪಡೆದು, ಹೊತ್ತನ್ನೂ ಬರೆಸಿಕೊಳ್ಳಬೇಕು. ಗ್ರಾಹಕ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದೆಂದು ರಿಸರ್ವ್ ಬ್ಯಾಂಕಿನ 2017ರ ಸೂಚನೆಯಲ್ಲಿ ಹೇಳಿತ್ತು. ತಿಳಿಸಿದ ಹೊತ್ತಿಗೆ ದಾಖಲೆ ಇಲ್ಲದಿದ್ದರೆ ಆಮೇಲೆ ವಾದಿಸುವುದು ಕಷ್ಟ.

ಫೋನಿನಲ್ಲಿ ಇದನ್ನೆಲ್ಲ ಒಬ್ಬರೇ ಮಾಡಲಾಗದ ಸದಸ್ಯರು ಕಚೇರಿಯ ವೇಳೆಯಲ್ಲಿ ಕೌಂಟರಿಗೆ ಬಂದರೆ ನಂಬರು ಒತ್ತಿಕೊಡಲು ನಮ್ಮ ಸಿಬ್ಬಂದಿಗೆ ತಿಳಿಸಿದ್ದೇವೆ. ಪಿನ್ನನ್ನು ಮಾತ್ರ ಅವರಿಗೂ ಹೇಳಬೇಡಿ.